ಹಿಂಬಾಗಿಲಿನ ಕಾರ್ಮಿನ್ ಬಾಯಮ್ಮ

ಕಾರ್ಮಿನ್ ಬಾಯಮ್ಮ ಯಾರ ಮನೆಗೂ ಮುಂಬಾಗಿಲಿನಿಂದ ಹೋದದ್ದನ್ನು ನಾನು ಕಂಡಿಲ್ಲ. ಹಾಗೆಂದು ಉಡುಪಿಯಲ್ಲಿ ಅವರು ಹೋಗದ ಮನೆಗಳೂ ಹೆಚ್ಚಿರಲಿಲ್ಲ. ಜಗಲಿಯಲ್ಲಿ ಕುಳಿತ ಯಜಮಾನರಿಗೆ ಮಡಚಿದ ಕೊಡೆಯನ್ನು ಎತ್ತಿ ಒಂದು ನಮಸ್ಕಾರ ಹಾಕುವರು, ಅವರು ತಿರುಗಿ ನಮಸ್ಕಾರ ಹೇಳುವಷ್ಟರಲ್ಲಿ ಬಚ್ಚಲ ಗೋಡೆಯ ಪಕ್ಕದಿಂದ ಸುತ್ತು ಹಾಕಿ ಹಿಂದೆ ಹೋಗಿ ಆಗಿರುತ್ತಿತ್ತು. ಆಮೇಲೆ ಹಿತ್ತಲಿನಿಂದ ಹೆಂಗಸರ ನಗು ಕೇಳಿಸುತ್ತಿತ್ತು. ಯಜಮಾನರು ಪೇಪರು ಓದುವುದನ್ನು ಬಿಟ್ಟು ಕಿವಿಗೊಟ್ಟರೂ ಒಂದಕ್ಷರ ತಿಳಿಯುತ್ತಿರಲಿಲ್ಲ.

ಅವರು ಸೂಲಗಿತ್ತಿ. ಹರೆಯದಲ್ಲಿ ಒಂದು ಆಸ್ಪತ್ರೆಯಲ್ಲಿ ದಾದಿಯಾಗಿದ್ದು ಕೆಲಸ ಕಲಿತವರು. ಆಮೇಲೆ ಕತ್ತರಿ, ದಾರ, ಕಾರ್ಬಾಲಿಕ್ ಸಾಬೂನು ಇದ್ದ ಒಂದು ಬಟ್ಟೆಚೀಲ ಹಿಡಿದು ಮನೆಮನೆ ತಿರುಗಿದರು. ಗಿಡ್ಡ ಆಳು, ಗಟ್ಟಿ ಮೈ, ಬಾಯಿ ತುಂಬ ಎಲೆಯಡಿಕೆ. ಅವರು ಬರುವ ಮೊದಲೇ ಸಾಬೂನಿನ ಪರಿಮಳ ಬರುತ್ತಿತ್ತು. ಬ್ರಾಹ್ಮಣರು, ಬಂಟರು, ಕೊಂಕಣಿಗರು, ಬ್ಯಾರಿ ಮುಸಲ್ಮಾನರು, ಅವರದೇ ಇಗರ್ಜಿಯ ಕ್ರಿಸ್ತುವರು, ಎಲ್ಲರ ಮಕ್ಕಳೂ ಮೊದಲು ಬಿದ್ದದ್ದು ಅವರ ಕೈಗೆ. ತುಳು, ಕನ್ನಡ, ಕೊಂಕಣಿ, ಬ್ಯಾರಿ ನಾಲ್ಕನ್ನೂ ಅವರು ಸರಾಗವಾಗಿ ಆಡುತ್ತಿದ್ದರು. "ನಾಲ್ಕೂ ಹೆರಿಗೆ ಕೋಣೆಯಲ್ಲಿ ಕಲಿತದ್ದು ಮಾರಾಯ. ನೋವು ಬಂದಾಗ ಹೆಂಗಸರು ಅವರವರ ಭಾಷೆಯಲ್ಲೇ ಬೊಬ್ಬೆ ಹಾಕುವುದಲ್ವಾ? ಅರ್ಥ ಆಗದಿದ್ದರೆ ನನಗೆ ಬೈದದ್ದಾ ಗಂಡನಿಗೆ ಬೈದದ್ದಾ ಅಂತ ಹೇಗೆ ಗೊತ್ತಾಗುವುದು?" ಎನ್ನುತ್ತಿದ್ದರು.

ಆದರೆ ನನಗೆ ಅವರ ಪರಿಚಯವಾದದ್ದು ಹೆರಿಗೆಯಿಂದಲ್ಲ, ಕೋಣೆಯಿಂದ.

ಐವತ್ತರ ದಶಕದ ಕೊನೆಯ ವರ್ಷಗಳು. ಮಣಿಪಾಲದ ಬೋಳುಗುಡ್ಡದ ಮೇಲೆ ಕಾಲೇಜುಗಳು ಏಳುತ್ತಿದ್ದವು, ಕೆಳಗೆ ಉಡುಪಿಯಲ್ಲೂ ಕಾಲೇಜು ಶುರುವಾಗಿತ್ತು. ಹುಡುಗರು ಎಲ್ಲೆಲ್ಲಿಂದಲೋ ಬಂದು ಇಳಿಯುತ್ತಿದ್ದರು. ಕಾರ್ಕಳ, ಹೆಬ್ರಿಯವರ ಜೊತೆಗೆ ಮದ್ರಾಸಿನವರು, ಬಂಗಾಳದವರು, ಪಂಜಾಬದವರು. ಓದಲು ಸೀಟು ಸಿಗುತ್ತಿತ್ತು, ಮಲಗಲು ಜಾಗ ಸಿಗುತ್ತಿರಲಿಲ್ಲ. ಹಾಸ್ಟೆಲು ತುಂಬಿದ ಮೇಲೆ ಉಳಿದವರು ಊರಿನ ಮನೆಗಳ ಬಾಗಿಲು ತಟ್ಟಬೇಕು. ತಟ್ಟಿದರೆ ಎದುರಾಗುತ್ತಿದ್ದದ್ದು ಒಂದೇ ಪ್ರಶ್ನೆ: "ಯಾರ ಪೈಕಿ?" ನಮ್ಮ ಕಡೆ ಜಾತಿ, ಮನೆತನ, ನೆಂಟಸ್ತಿಕೆ ಎಲ್ಲವನ್ನೂ ಮರ್ಯಾದೆಯಾಗಿ ಒಟ್ಟಿಗೇ ಕೇಳಿ ಮುಗಿಸುವ ಕ್ರಮ ಅದು.

ನಾನು ಉಚ್ಚಿಲದ ಮೊಗವೀರರ ಹುಡುಗ. ಹತ್ತಾರು ಮಂದಿ ಸೇರಿ ದಡಕ್ಕೆ ಎಳೆಯುವ ರಂಪಣಿ ಬಲೆಯಲ್ಲಿ ಅಪ್ಪನಿಗೆ ಒಂದು ಪಾಲು ಇತ್ತು. ನಮ್ಮ ಕೇರಿಯಿಂದ ಕಾಲೇಜಿಗೆ ಹೊರಟ ಮೊದಲಿಗ ನಾನು ಎಂಬ ಹೆಮ್ಮೆ ಅಪ್ಪನಿಗೂ ಇತ್ತು, ಆದರೆ ಅದಕ್ಕೊಂದು ಗಡುವೂ ಇತ್ತು. "ಆಷಾಢ ಮುಗಿಯುವುದರೊಳಗೆ ಕೋಣೆ ಸಿಕ್ಕಿದರೆ ಓದು. ಸಿಗದಿದ್ದರೆ ವಾಪಸು ಬಾ. ಮಳೆ ಬಿಟ್ಟು ಬಲೆ ಇಳಿಸುವಾಗ ಎಳೆಯಲು ಒಂದು ಕೈ ಕಡಿಮೆ ಉಂಟು," ಎಂದಿದ್ದರು. ದಿನಾ ಹೋಗಿ ಬರುವ ಹಾಗಿರಲಿಲ್ಲ; ಬಸ್ಸುಗಳು ಬೆರಳೆಣಿಕೆಯವು, ಹೊಳೆ ಉಕ್ಕಿದರೆ ಅವೂ ಇಲ್ಲ. ಮಲ್ಪೆಯಲ್ಲಿ ಪರಿಚಯದವರ ಒಣಮೀನಿನ ಗೋದಾಮಿನ ಮೂಲೆಯಲ್ಲಿ ಮಲಗಿ ತರಗತಿಗೆ ಹೋಗುತ್ತಿದ್ದೆ. ಬೆಂಚಿನಲ್ಲಿ ನನ್ನ ಪಕ್ಕ ಕುಳಿತವರು ಮೆಲ್ಲಗೆ ಆಚೆ ಸರಿಯುತ್ತಿದ್ದರು. ಮೂರು ವಾರದಲ್ಲಿ ನಾನು ಇಪ್ಪತ್ತಕ್ಕೂ ಹೆಚ್ಚು ಬಾಗಿಲು ತಟ್ಟಿದ್ದೆ. ಕೆಲವರು ಇಲ್ಲವೆಂದರು, ಕೆಲವರು ನಿನ್ನೆಯಷ್ಟೇ ಕೊಟ್ಟೆವೆಂದರು.

ಕೊನೆಗೆ ಒಬ್ಬ ಹೋಟೆಲಿನ ಮಾಣಿ ನನ್ನ ಮುಖ ನೋಡಿ, "ನೀವು ಕಾರ್ಮಿನ್ ಬಾಯಮ್ಮನನ್ನು ನೋಡಲಿಲ್ವಾ?" ಎಂದ.

ಇಗರ್ಜಿಯ ಹತ್ತಿರ ಎರಡು ಕೋಣೆಯ ಬಾಡಿಗೆ ಮನೆ ಅವರದು. ನಾನು ಮುಂಬಾಗಿಲು ತಟ್ಟಿದೆ. "ಹಿಂದಿನಿಂದ ಬಾ," ಎಂಬ ಕೂಗು ಒಳಗಿನಿಂದ ಬಂತು. ಹೋದರೆ ಬಟ್ಟೆ ಒಗೆಯುತ್ತಿದ್ದರು. ತಲೆ ಎತ್ತದೆ ಕೇಳಿದರು, "ಎಂತ ತಿನ್ನುತ್ತೀ?"

ಯಾರ ಪೈಕಿ ಎಂಬುದಕ್ಕೆ ಬಾಯಿಪಾಠ ಮಾಡಿಕೊಂಡಿದ್ದ ಉತ್ತರಗಳೆಲ್ಲ ಕೆಲಸಕ್ಕೆ ಬರಲಿಲ್ಲ. "ಮೀನು," ಎಂದೆ.

"ಸುಳ್ಳು ಹೇಳಲಿಲ್ಲ. ಒಳ್ಳೆಯದು. ಕೆಲವರು ಕೋಣೆಯ ಆಸೆಗೆ ತಿನ್ನುವುದಿಲ್ಲ ಅಂತಾರೆ, ಆಮೇಲೆ ಬೆಕ್ಕು ಹೇಳಿಕೊಡ್ತದೆ. ಯಾವ ಊರು?"

"ಉಚ್ಚಿಲ."

ಆ ಕ್ಷಣದಿಂದ ನನ್ನ ಹೆಸರು ಉಚ್ಚಿಲ ಎಂದಾಯಿತು. ಅವರು ಯಾವ ಹುಡುಗನನ್ನೂ ಹೆಸರು ಹಿಡಿದು ಕರೆದವರಲ್ಲ. ಒಬ್ಬ ಹೆಬ್ರಿ, ಒಬ್ಬ ಕಾರ್ಕಳ, ಒಬ್ಬ ಪಂಜಾಬ. ಈ ಪಂಜಾಬನ ಕಥೆ ಊರಿಗೆಲ್ಲ ಗೊತ್ತಿತ್ತು. ಆರಡಿ ಎತ್ತರದ ಸಿಖ್ ಹುಡುಗ. ಅವನ ಗಡ್ಡ, ಪೇಟ ನೋಡಿಯೇ ಜನ ಬಾಗಿಲು ಹಾಕಿಕೊಳ್ಳುತ್ತಿದ್ದರಂತೆ. ಬಾಯಮ್ಮ ಅವನನ್ನು ಆದಿ ಉಡುಪಿಯ ಒಬ್ಬ ಕೊಂಕಣಿ ಅಜ್ಜಿಯ ಹಿತ್ತಲಿಗೆ ಕರೆದೊಯ್ದು, "ಅಜ್ಜೀ, ಇವನ ಕೂದಲು ನಿಮ್ಮ ಮೊಮ್ಮಗಳ ಜಡೆಗಿಂತ ಉದ್ದ ಉಂಟು. ಎಣ್ಣೆ ಹಚ್ಚಲು ಇಲ್ಲಿ ಇವನಿಗೆ ಅಮ್ಮ ಇಲ್ಲ," ಎಂದರಂತೆ. ಬಾಯಮ್ಮನ ಕೊಂಕಣಿ ಬೇರೆ, ಅಜ್ಜಿಯದು ಬೇರೆ, ಆದರೂ ಚೌಕಾಶಿಗೆ ಸಾಕಾಗುವಷ್ಟು ಹೊಂದುತ್ತಿತ್ತು. ಆ ಪಂಜಾಬ ಓದು ಮುಗಿಯುವವರೆಗೂ ಅಲ್ಲೇ ಇದ್ದು, ಕುಚ್ಚಲಕ್ಕಿ ಗಂಜಿ ಉಂಡು, ಶನಿವಾರ ಶನಿವಾರ ಅಜ್ಜಿಯ ಕೈಯಿಂದ ತೆಂಗಿನೆಣ್ಣೆ ಹಾಕಿಸಿಕೊಂಡು ಡಾಕ್ಟರಾಗಿ ಹೋದ.

ನನ್ನನ್ನು ಅವರು ಕರೆದೊಯ್ದದ್ದು ಪದ್ದಕ್ಕನ ಹಿಂಬಾಗಿಲಿಗೆ. ಪದ್ದಕ್ಕ ಬ್ರಾಹ್ಮಣರ ಮನೆಯವರು. ಗಂಡ ರಾಯರು ಕೋರ್ಟಿನಲ್ಲಿ ಗುಮಾಸ್ತರು. ಗೇಟು ಕಾಣುತ್ತಲೇ ನಾನು ನಿಂತೆ. "ಇಲ್ಲಿಯಾ ಬಾಯಮ್ಮ?" ಎಂದೆ.

"ಯಾಕೆ, ಅವರ ಮನೆ ಮಾಡಿಗೆ ಹಂಚಿಲ್ವಾ? ಮುಂಬಾಗಿಲಲ್ಲಿ ಯಾರ ಪೈಕಿ ಅಂತ ಕೇಳ್ತಾರೆ ಮಾರಾಯ. ಹಿಂಬಾಗಿಲಲ್ಲಿ ಊಟ ಆಯ್ತಾ ಅಂತ ಕೇಳ್ತಾರೆ. ಯಾವ ಬಾಗಿಲು ಒಳ್ಳೆಯದು ನೀನೇ ಹೇಳು."

ಪದ್ದಕ್ಕ ನಿಜವಾಗಿಯೂ ಮೊದಲು ಕೇಳಿದ್ದು ಊಟ ಆಯಿತಾ ಎಂದೇ. ಬಾಯಮ್ಮ ಏನನ್ನೂ ಮುಚ್ಚಿಡಲಿಲ್ಲ. ನಿಮ್ಮ ಮುಡಿ ಕೋಣೆ ಖಾಲಿ ಉಂಟು, ಈ ಹುಡುಗ ಉಚ್ಚಿಲದ ಮೊಗವೀರರವನು, ಮೀನು ತಿನ್ನುವವನು, ನಿಮ್ಮ ಜಾಗದಲ್ಲಿ ತಿನ್ನುವುದಿಲ್ಲ, ಕೋಣೆ ಸಿಗದಿದ್ದರೆ ಇವನ ಓದು ಮುಗಿಯಿತು, ಇಷ್ಟನ್ನೂ ಹೇಳಿದರು. ಮುಡಿ ಕೋಣೆ ಎಂದರೆ ಹಿಂದೆ ಹುಲ್ಲಿನಲ್ಲಿ ಕಟ್ಟಿದ ಗೇಣಿ ಅಕ್ಕಿಯ ಮುಡಿಗಳನ್ನು ಪೇರಿಸಿಡುತ್ತಿದ್ದ, ಮನೆಗೆ ತಾಗದೆ ಅಂಗಳದ ಬದಿಯಲ್ಲಿದ್ದ ಕೋಣೆ. ಪದ್ದಕ್ಕನ ಮೂವರು ಮಕ್ಕಳಲ್ಲಿ ಕೊನೆಯವಳು ಕಾಲು ಮುಂದಾಗಿ ಬಂದವಳು. ಆ ರಾತ್ರಿ ತಾಯಿ ಮಗು ಇಬ್ಬರನ್ನೂ ಉಳಿಸಿಕೊಟ್ಟವರು ಬಾಯಮ್ಮ. ಆ ಮಾತನ್ನು ಅಲ್ಲಿ ಯಾರೂ ಎತ್ತಲಿಲ್ಲ. ಪದ್ದಕ್ಕ ಒಮ್ಮೆ ಅಡುಗೆಮನೆಯ ಕಡೆ, ಒಮ್ಮೆ ನನ್ನ ಕಡೆ ನೋಡಿದರು. "ಇವರಿಗೆ ಒಂದು ಮಾತು ಹೇಳಬೇಕಲ್ಲ," ಎಂದು ಒಳಗೆ ಹೋದರು.

ರಾಯರೇ ಎದ್ದು ಬಂದರು. ಕನ್ನಡಕ ಹಣೆಗೇರಿಸಿ ನನ್ನನ್ನು ನೋಡಿ ಬಾಯಮ್ಮನನ್ನು ಕೇಳಿದರು, "ಯಾರ ಪೈಕಿ ಇವನು?"

ಪದ್ದಕ್ಕ ಒಳಗೆ ಎಲ್ಲವನ್ನೂ ಹೇಳಿದ್ದರು. ಅದು ಅವರಿಗೂ ಗೊತ್ತು, ಬಾಯಮ್ಮನಿಗೂ ಗೊತ್ತು.

"ನನ್ನ ಪೈಕಿ," ಎಂದರು ಬಾಯಮ್ಮ.

ರಾಯರು ಕನ್ನಡಕ ಕೆಳಗಿಳಿಸಿದರು. "ಮೀನಿನ ವಾಸನೆ ನನ್ನ ಅಂಗಳಕ್ಕೆ ಬರಬಾರದು. ಬಾವಿಗೆ ಕೈ ಹಾಕಬಾರದು, ನೀರು ಇವಳೇ ಸೇದಿ ಹೊಯ್ಯುತ್ತಾಳೆ. ಇಷ್ಟೇ," ಎಂದು ಒಳಗೆ ಹೋದರು. ಆಷಾಢ ಮುಗಿಯಲು ಇನ್ನೂ ನಾಲ್ಕು ದಿನ ಇತ್ತು.

ನಾನು ಮಾಡಿದ ತಪ್ಪನ್ನು ಈಗ ಹೇಳಬೇಕು. ಇದನ್ನು ಬಿಟ್ಟು ಬಾಯಮ್ಮನ ಬಗ್ಗೆ ಬರೆದರೆ ಅದು ಅರ್ಧ ಚಿತ್ರವಾದೀತು.

ಬ್ರಾಹ್ಮಣರ ಮನೆ ಎಂದರೆ "ಅಲ್ಲಿ ನಿನಗೆ ಎಂತ ಕೆಲಸ?" ಎಂದು ಅಪ್ಪ ರೇಗಬಹುದೆಂದು ಊರಿನಲ್ಲಿ ನಾನು ಪೂರ್ತಿ ಹೇಳಿರಲಿಲ್ಲ. "ಬಾಯಮ್ಮ ಕೊಡಿಸಿದ ಮನೆ," ಎಂದಷ್ಟೇ ಹೇಳಿದ್ದೆ. ಅಮ್ಮ ಅದನ್ನು ಬಾಯಮ್ಮನ ನೆಂಟರ ಮನೆ, ಅಂದರೆ ಕ್ರಿಸ್ತುವರ ಮನೆ, ಎಂದುಕೊಂಡಳು. ಮಗನಿಗೆ ಜಾಗ ಕೊಟ್ಟವರಿಗೆ ಬರಿಗೈಯಲ್ಲಿ ಮುಖ ತೋರಿಸುವುದು ಹೇಗೆ? ಪರೀಕ್ಷೆಗೆ ಮೂರು ವಾರ ಇರುವಾಗ, ಅಪ್ಪನ ಪಾಲಿಗೆ ಬಂದ ಒಂದು ದೊಡ್ಡ ಅಂಜಲ್ ಮೀನನ್ನು ಮಾರಲು ಬಿಡದೆ ಬಾಳೆಲೆಯಲ್ಲಿ ಕಟ್ಟಿ, ಬುಟ್ಟಿಯಲ್ಲಿಟ್ಟು, ಮೊದಲ ಬಸ್ಸಿಗೆ ಬಂದಳು. ಬಾಯಮ್ಮ ಉಚ್ಚಿಲದ ಹುಡುಗನಿಗೆ ಕೊಡಿಸಿದ ಮನೆ ಯಾವುದೆಂದು ಕೇಳುತ್ತ ಕೇಳುತ್ತ ಮಧ್ಯಾಹ್ನಕ್ಕೆ ಹುಡುಕಿ, ಮುಂಬಾಗಿಲಿನ ಜಗಲಿಯ ಮೇಲೆ ಹೊರೆ ಇಳಿಸಿ ಎಲೆ ಬಿಚ್ಚಿದಳು. ಅಂಗಳದ ತುಳಸಿಕಟ್ಟೆ ಅವಳಿಗೆ ಕಂಡದ್ದು ಆಮೇಲೆ. ಅಂದು ಏಕಾದಶಿ ಬೇರೆ.

ನಾನು ಇಬ್ಬರು ಸಹಪಾಠಿಗಳ ಜೊತೆ ಗೇಟು ತೆರೆಯುವಾಗ ರಾಯರು ಜಗಲಿಯ ಆ ತುದಿಗೆ ಸರಿದು ನಿಂತಿದ್ದರು. "ಯಾರು ನೀನು? ಯಾರ ಪೈಕಿ?" ಎಂದು ಕೇಳುತ್ತಿದ್ದರು. ಅಮ್ಮ ಏನೋ ಎಡವಟ್ಟಾಯಿತೆಂದು ತಿಳಿದು ತಬ್ಬಿಬ್ಬಾಗಿದ್ದಳು. ನನ್ನನ್ನು ಕಂಡೊಡನೆ ಅವಳ ಮುಖ ಅರಳಿತು. "ಇಗೋ ಅವನೇ ಬಂದ, ಅವನೇ ಹೇಳ್ತಾನೆ," ಎಂದಳು.

ರಾಯರು ನನ್ನ ಕಡೆ ತಿರುಗಿದರು. ಸಹಪಾಠಿಗಳು ಮೂಗಿಗೆ ಕೈ ಹಿಡಿದಿದ್ದರು.

"ನಮ್ಮ ಊರಿನವರು," ಎಂದೆ ನಾನು.

ಅಮ್ಮ ನನ್ನನ್ನೇ ನೋಡಿದಳು. ಆಮೇಲೆ ಮೀನನ್ನು ಎಲೆಯಲ್ಲಿ ಸುತ್ತಿ ಬುಟ್ಟಿಗೆ ಹಾಕಿಕೊಂಡು, "ಹೌದು ಧಣಿ, ಊರಿನವಳು. ಮನೆ ತಪ್ಪಿತು," ಎಂದು ಗೇಟು ದಾಟಿ ಹೋದಳು. ನಾನು ಹಿಂದೆ ಹೋಗಲಿಲ್ಲ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಸಂಜೆಯ ಹೊತ್ತಿಗೆ ಜಗಲಿಗೆ ಸೆಗಣಿ ಸಾರಿಸಿ ಆಗಿತ್ತು, ನನ್ನ ಟ್ರಂಕು ಗೇಟಿನ ಹೊರಗಿತ್ತು. ಅದನ್ನು ಹೊತ್ತು ಬಾಯಮ್ಮನ ಹಿತ್ತಲಿಗೆ ಹೋದೆ. ಮೀನು, ಏಕಾದಶಿ, ರಾಯರ ಸಿಟ್ಟು, ಪರೀಕ್ಷೆ ಎಲ್ಲ ಹೇಳಿದೆ. ನಾನು ಆಡಿದ ಮಾತನ್ನು ಮಾತ್ರ ಬಿಟ್ಟೆ. ಅವರು ಅಷ್ಟೂ ಕೇಳಿ, "ಅಮ್ಮ ಊಟ ಮಾಡಿ ಹೋದರಾ?" ಎಂದರು.

"ಗೊತ್ತಿಲ್ಲ."

"ಗೊತ್ತಿಲ್ಲ ಅಂದರೆ? ನಿನ್ನ ಅಮ್ಮ ಅಂತ ರಾಯರಿಗೆ ಹೇಳಿದೆಯಲ್ಲ?"

ನಾನು ಟ್ರಂಕಿನ ಕಡೆ ನೋಡಿದೆ. ನೂರಾರು ಹೆಂಗಸರು ಬಚ್ಚಿಟ್ಟದ್ದನ್ನು ಮುಖ ನೋಡಿಯೇ ತಿಳಿದವರಿಗೆ ನನ್ನದು ಯಾವ ಲೆಕ್ಕ? ಅವರು ಎದ್ದು, ಬಾಯಲ್ಲಿದ್ದ ಎಲೆಯಡಿಕೆಯನ್ನು ಬಾಳೆಬುಡಕ್ಕೆ ಉಗಿದು ಬಂದರು.

"ನೀನು ನನಗೆ ಎಂತ ಆಗಬೇಕು? ಎಂತದೂ ಇಲ್ಲ. ಆದರೂ ನನ್ನ ಪೈಕಿ ಅಂದೆ. ನಿನಗೆ ಹೆತ್ತವಳನ್ನು ಹಾಗೆ ಹೇಳಲು ನಾಲಗೆ ಹೊರಳಲಿಲ್ಲ. ಟ್ರಂಕು ಇಲ್ಲಿರಲಿ. ನಾಳೆ ಉಚ್ಚಿಲಕ್ಕೆ ಹೋಗು, ಅಮ್ಮನನ್ನು ಕರೆದುಕೊಂಡು ಬಾ. ಒಬ್ಬನೇ ಬಂದರೆ ಈ ಊರಿನಲ್ಲಿ ನಿನಗೆ ಕೋಣೆ ಇಲ್ಲ."

ಹೋದೆ. ಅಮ್ಮ ಮರಳಿನ ಮೇಲೆ ಮೀನು ಒಣಗಿಸುತ್ತಿದ್ದಳು. ಬಸ್ಸಿನಲ್ಲಿ ಕಲಿತುಕೊಂಡು ಹೋದ ಮಾತುಗಳಲ್ಲಿ ಒಂದೂ ಹೊರಬರಲಿಲ್ಲ. "ಬಾಯಮ್ಮ ಬರಲು ಹೇಳಿದ್ದಾರೆ," ಎಂದೆ. ಅವಳು ಕೈ ತೊಳೆದುಕೊಂಡು, "ಊಟ ಆಯ್ತಾ?" ಎಂದು ಕೇಳಿದಳು. ಬೇರೇನೂ ಕೇಳಲಿಲ್ಲ.

ಮರುದಿನ ಮೂವರೂ ಪದ್ದಕ್ಕನ ಹಿಂಬಾಗಿಲಲ್ಲಿ ನಿಂತೆವು. ಬಾಯಮ್ಮ ಹೇಳಿದರು, "ಪದ್ದಕ್ಕ, ಇವರು ಇವನ ಅಮ್ಮ. ಮೊನ್ನೆ ಮೀನು ತಂದದ್ದು ಇವರೇ. ಮನೆಯಲ್ಲಿ ಇದ್ದದ್ದರಲ್ಲಿ ಒಳ್ಳೆಯದು ಅದು, ಅದನ್ನೇ ನಿಮಗೆ ತಂದರು. ಇದು ಯಾರ ಮನೆ ಅಂತ ಇವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವನು ಇಗೋ, ತೆಂಗಿನಮರದ ಹಿಂದೆ ನಿಂತಿದ್ದಾನೆ."

ಪದ್ದಕ್ಕ ಅಮ್ಮನನ್ನು ನೋಡಿ, "ಬಿಸಿಲಲ್ಲಿ ಬಂದಿದ್ದೀರಿ," ಎಂದು ಮಜ್ಜಿಗೆ ತಂದರು. ಹೊರಗಿನವರಿಗೆಂದು ಇಟ್ಟ ಲೋಟದಲ್ಲೇ ತಂದರು, ಅದನ್ನು ನಾನು ಮರೆಮಾಡುವುದಿಲ್ಲ. ಆದರೆ ಅಮ್ಮ ಕುಡಿದು ಮುಗಿಸುವವರೆಗೂ ಮೆಟ್ಟಿಲ ಮೇಲೆ ಕುಳಿತರು. ಎಷ್ಟು ಮಕ್ಕಳು, ಯಾರು ಯಾರು ಉಳಿದರು ಎಂದು ಇಬ್ಬರೂ ಮಾತಿಗೆ ಶುರುಮಾಡಿದರು. ಅಮ್ಮ ಕಳೆದುಕೊಂಡದ್ದು ಇಬ್ಬರನ್ನು, ಪದ್ದಕ್ಕ ಒಬ್ಬನನ್ನು. ಬಾಯಮ್ಮ ನನಗೆ ಕಣ್ಣಿನಲ್ಲೇ ಟ್ರಂಕು ಒಳಗಿಡಲು ಹೇಳಿದರು. ಇಡುವಾಗ ರಾಯರು ಜಗಲಿಯಿಂದ ನೋಡಿದರು. "ಅಮ್ಮ ಬರುವುದಾದರೆ ಮೊದಲೇ ಹೇಳಬೇಕು. ಬಂದವರನ್ನು ಬಿಸಿಲಲ್ಲಿ ನಿಲ್ಲಿಸಿದ ಹಾಗಾಯಿತು," ಎಂದರು. ಇಷ್ಟು ಹೇಳಲು ಅವರಿಗೆ ಎಷ್ಟು ಕಷ್ಟವಾಯಿತೆಂದು ನನಗೆ ಆಗ ತಿಳಿಯಲಿಲ್ಲ.

ನಾನು ಆ ಕೋಣೆಯಲ್ಲಿ ನಾಲ್ಕು ವರ್ಷ ಇದ್ದೆ. ಪಾಸಾಗಿ, ಕಾರ್ಕಳದ ಹೈಸ್ಕೂಲಿನಲ್ಲಿ ಮೇಷ್ಟ್ರಾದೆ.

ಅರವತ್ತರ ದಶಕದ ನಡುವೆ ಮಣಿಪಾಲದ ಗುಡ್ಡಕ್ಕೆ ಬರುವ ವಿದ್ಯಾರ್ಥಿಗಳು ಇಮ್ಮಡಿಯಾದರು. ಹಿತ್ತಲಿದ್ದವರೆಲ್ಲ ಕೋಣೆ ಕಟ್ಟಿ ಬಾಡಿಗೆಗೆ ಕೊಡತೊಡಗಿದರು. ಹೆರಿಗೆಗಳೂ ಆಸ್ಪತ್ರೆಗೆ ಹೋದವು. ಬಾಯಮ್ಮನ ಕಣ್ಣಿಗೆ ಪೊರೆ ಬಂದಿತ್ತು. ಅವರಿದ್ದ ಬಾಡಿಗೆ ಮನೆಯ ಯಜಮಾನರು, ವಿದ್ಯಾರ್ಥಿಗಳಿಗೆಂದು ಮಹಡಿ ಕಟ್ಟಿಸಬೇಕು, ಖಾಲಿ ಮಾಡಿ ಎಂದರಂತೆ. ಊರಿಗೆಲ್ಲ ಕೋಣೆ ಹುಡುಕಿಕೊಟ್ಟವರು ಈ ವಿಷಯ ಒಬ್ಬರಿಗೂ ಹೇಳಲಿಲ್ಲ. ಬಾಯಮ್ಮ ಹೆಬ್ರಿ ಎಂದು ಕರೆಯುತ್ತಿದ್ದ ಹುಡುಗ ಕಾರ್ಕಳದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿ ಸುದ್ದಿ ಹೇಳಿದ. ನಾನು ರಜೆ ಹಾಕಿ ಓಡಿಬಂದು ಎರಡು ದಿನ ಅವರಿಗಾಗಿ ಮನೆ ಹುಡುಕಿದೆ. ವಯಸ್ಸಾದವರು ಬೇಡ, ಹುಡುಗರಾದರೆ ಕೊಡುತ್ತೇವೆ ಎನ್ನುವವರೇ ಎಲ್ಲ. ಬೇರೆ ದಾರಿ ಕಾಣದೆ ಬಾಯಮ್ಮನ ಹಿತ್ತಲಿಗೆ ಹೋದರೆ, ಮನೆಬಿಟ್ಟು ಹೆಚ್ಚು ಹೊರಬರದ ಪದ್ದಕ್ಕ ಅಲ್ಲಿ ಹಿಂಬಾಗಿಲಲ್ಲಿ ನಿಂತಿದ್ದರು.

"ಮುಡಿ ಕೋಣೆ ಖಾಲಿ ಉಂಟು ಬಾಯಮ್ಮ," ಎನ್ನುತ್ತಿದ್ದರು.

"ನಾನು ಮೀನು ತಿನ್ನುವವಳು ಪದ್ದಕ್ಕ. ಮೊದಲೇ ಹೇಳಿಬಿಡ್ತೇನೆ."

"ನನಗೆ ಗೊತ್ತಿಲ್ವಾ? ಅಲ್ಲಿ ಬೇಯಿಸುವುದು ಬೇಡ. ತಿನ್ನಬೇಕು ಅಂತ ಕಂಡರೆ ಉಚ್ಚಿಲಕ್ಕೆ ಹೋಗಿ ಬನ್ನಿ."

ಅದು ತಮಾಷೆಯ ಮಾತಾಗಿರಲಿಲ್ಲ. ತಿಂಗಳಿಗೊಂದು ಸಲ ಬಾಯಮ್ಮ ಕೊಡೆ ಹಿಡಿದು ಬಸ್ಸು ಹತ್ತಿ ನಮ್ಮ ಮನೆಗೆ ಬರುವರು, ಹಿಂಬಾಗಿಲಿನಿಂದಲೇ. ಅಮ್ಮ ಬೂತಾಯಿ ಮೀನಿನ ಪುಳಿಮುಂಚಿ ಮಾಡಿ ಬಡಿಸುವಳು. ನಾನು ಅವರನ್ನು ಕೊನೆಯ ಸಲ ಕಂಡದ್ದೂ ಅಲ್ಲೇ. ಉಂಡು ಕೈತೊಳೆದು, ಸಾಬೂನಿನ ಕೈಯಿಂದ ನನ್ನ ಕೆನ್ನೆ ತಟ್ಟಿ, "ಏ ಉಚ್ಚಿಲ, ನಿನ್ನ ಅಮ್ಮನ ಕೈರುಚಿ ಉಂಟಲ್ಲ, ಇದನ್ನು ಆವತ್ತು ರಾಯರು ತಿಂದಿದ್ದರೆ ಟ್ರಂಕು ಹೊರಗೆ ಇಡ್ತಿರಲಿಲ್ಲ," ಎಂದು ನಕ್ಕರು. ಅಮ್ಮನೂ ನಕ್ಕಳು. ಆ ದಿನದ ಬಗ್ಗೆ ಅಮ್ಮ ತಾನಾಗಿ ಒಂದು ಮಾತೂ ಎತ್ತಿದವಳಲ್ಲ.

ಬಾಯಮ್ಮ ತೀರಿಕೊಂಡದ್ದು ಆ ಮಳೆಗಾಲದಲ್ಲಿ, ಮುಡಿ ಕೋಣೆಯಲ್ಲಿ, ಎರಡು ದಿನದ ಜ್ವರದಲ್ಲಿ. ಬಾವಿಯಿಂದ ಸೇದಿದ ನೀರನ್ನು ಕೊನೆಯ ಗುಟುಕಾಗಿ ಬಾಯಿಗೆ ಬಿಟ್ಟವರು ಪದ್ದಕ್ಕ. ನಾನು ಅಮ್ಮನನ್ನು ಕರೆದುಕೊಂಡು ಇಗರ್ಜಿಯ ಸ್ಮಶಾನಕ್ಕೆ ಹೋಗುವಷ್ಟರಲ್ಲಿ ಪೆಟ್ಟಿಗೆ ಇಳಿಸಿ ಆಗಿತ್ತು. ಮಳೆ ಹನಿಯುತ್ತಿತ್ತು. ತುಂಬ ಜನ ಬಂದಿದ್ದರು, ಹೆಚ್ಚಿನವರು ಇಗರ್ಜಿಯವರಲ್ಲ. ರಾಯರು ಗೇಟಿನ ಹೊರಗೆ ಕೊಡೆ ಹಿಡಿದು ನಿಂತಿದ್ದರು. ಪಾದ್ರಿಗಳು ಊರಿಗೆ ಹೊಸಬರು, ಬಾಯಮ್ಮನನ್ನು ಹೆಚ್ಚು ಬಲ್ಲವರಲ್ಲ. "ಮೊದಲ ಹಿಡಿ ಮಣ್ಣು ಮನೆಯವರು ಹಾಕಬೇಕು. ಇವರ ಪೈಕಿ ಯಾರಿದ್ದೀರಿ?" ಎಂದು ಕೇಳಿದರು.

ಬಾಯಮ್ಮನಿಗೆ ಇದ್ದ ಒಬ್ಬ ತಂಗಿ ಕಾರ್ಕಳದಲ್ಲಿ ಹಿಂದಿನ ವರ್ಷವೇ ತೀರಿಹೋಗಿದ್ದರು. 

"ನಾನಿದ್ದೇನೆ," ಎಂದೆ.

ಪಾದ್ರಿಗಳು ನನ್ನ ಹಣೆಯ ಗಂಧ ನೋಡಿದರು, ಪಕ್ಕದಲ್ಲಿದ್ದ ಅಮ್ಮನ ಕುಂಕುಮ ನೋಡಿದರು. "ನೀವು ಅವರಿಗೆ ಎಂತ ಆಗಬೇಕು?"

"ಅವರು ನನ್ನ ಪೈಕಿ. ಇವರು ನನ್ನ ಅಮ್ಮ," ಎಂದೆ. ನಾವಿಬ್ಬರೂ ಬಗ್ಗಿ ಒದ್ದೆ ಮಣ್ಣು ತೆಗೆದುಕೊಂಡೆವು.

ವಾಪಸು ಹೋಗುವಾಗ ಬಸ್ಸಿನಲ್ಲಿ ಅಮ್ಮ ಕಿಟಕಿಯ ಪಕ್ಕ ಕುಳಿತಿದ್ದಳು. ಕಾಪು ಹತ್ತಿರ ಬಂದಾಗ, ನನ್ನ ಕಡೆ ತಿರುಗದೆಯೇ ಹೇಳಿದಳು, "ಇವತ್ತು ಹೊರಳಿತಲ್ಲ ನಾಲಗೆ. ಸಾಕು."

ನಾನು ಟ್ರಂಕು ಹೊತ್ತು ಹೋದ ದಿನ ಬಾಯಮ್ಮ ನನಗೆ ಅಂದ ಮಾತು ಅದು. ಅಮ್ಮನಿಗೆ ಅವರು ಯಾವಾಗ ಹೇಳಿದ್ದರೋ ನನಗೆ ಗೊತ್ತಿಲ್ಲ.